ದೊಡ್ಡ ಕ್ಯಾಮೆರಾದ ಮೋಹ

ನಮ್ಮ ತರುಣರಲ್ಲಿ ಛಾಯಾಚಿತ್ರದ ಹವ್ಯಾಸವು ದಿನೇ ದಿನೇ ಹೆಚ್ಚುತ್ತಿರುವುದು ಸಂತೋಷದ ಸಂಗತಿ. ಆದರೆ ಈ ಹವ್ಯಾಸದ ಬೆನ್ನಿಗೇ ಬರುವ ಮೋಹವೊಂದುಂಟು. ಕೈಯಲ್ಲಿರುವ ಕ್ಯಾಮೆರಾ ಸಾಲದು, ‘ಫುಲ್ ಫ್ರೇಮ್’ ಎಂಬ ಬೆಲೆಬಾಳುವ ಕ್ಯಾಮೆರಾ ಕೊಂಡರೆ ಮಾತ್ರ ಒಳ್ಳೆಯ ಚಿತ್ರ ಬಂದೀತೆಂಬುದೇ ಆ ಮೋಹ. ನಾವೂ ಅದರಿಂದ ಪಾರಾದವರಲ್ಲ. ಆ ಅನುಭವವನ್ನೇ ಇಲ್ಲಿ ಪಾಠವಾಗಿ ಬರೆಯುತ್ತಿದ್ದೇವೆ.

ತಮಿಳುನಾಡಿನ ದಿಂಡಿಗಲ್ಲಿನ ಸಮೀಪದಲ್ಲಿ, ಸಿರುಮಲೆ ಬೆಟ್ಟದ ಮಗ್ಗುಲಲ್ಲಿ, ಚಿನ್ನಾಳಪಟ್ಟಿ ಎಂಬ ನೇಕಾರರ ಊರಿದೆ. 1947ರಲ್ಲಿ ಸ್ಥಾಪಿತವಾದ ಗಾಂಧಿಗ್ರಾಮವು ಅದರ ನೆರೆಯಲ್ಲಿಯೇ ಇದೆ. ಊರಿನ ಸುಂಗುಡಿ ಸೀರೆಯೂ ಕೃತಕ ರೇಷ್ಮೆಯ ಸೀರೆಯೂ ಹೆಸರಾದವು. ಅಲ್ಲಿಯ ದೇವಾಂಗರು ಬೀದಿಯಲ್ಲಿ ತಮಿಳನ್ನಾಡಿದರೂ ಮನೆಯೊಳಗೆ ಕನ್ನಡವನ್ನು ಉಳಿಸಿಕೊಂಡು ಬಂದಿದ್ದಾರೆ. ಮಗ್ಗದ ಚಿತ್ರಗಳನ್ನು ತೆಗೆಯಲೆಂದು ನಾವು ಅಲ್ಲಿಯ ಬಂಧುಗಳ ಮನೆಯಲ್ಲಿ ಕೆಲವು ದಿನ ತಂಗಿದ್ದೆವು.

ಮಗ್ಗದ ಕೋಣೆಯಲ್ಲಿ ಬೆಳಕು ಕಡಿಮೆ. ನಾವು ತೆಗೆದ ಚಿತ್ರಗಳಲ್ಲಿ ನೇಯುವವರ ಕೈಗಳು ಮಸುಕಾಗಿದ್ದವು. ನೆರಳಿನ ಭಾಗದಲ್ಲೆಲ್ಲ ಮರಳು ಚೆಲ್ಲಿದಂತಹ ಚುಕ್ಕೆಗಳು. ಒಡನೆಯೇ ತಪ್ಪನ್ನು ಕ್ಯಾಮೆರಾದ ಮೇಲೆ ಹೊರಿಸಿದೆವು. ಆ ಮನೆಯ ಹಿರಿಯ ಮಗನೂ ಛಾಯಾಗ್ರಾಹಕನೇ. ಮದುವೆಗಳ ಚಿತ್ರಗಳನ್ನೂ ವ್ಯಾಪಾರಿಗಳಿಗಾಗಿ ಸೀರೆಗಳ ಚಿತ್ರಗಳನ್ನೂ ತೆಗೆಯುತ್ತಾನೆ. ‘ಮಾಮಾ, ನಾನೂ ಅದನ್ನೇ ಹೇಳುತ್ತ ಬಂದಿದ್ದೇನೆ’ ಎಂದು ಅವನು ಉತ್ಸಾಹದಿಂದ ನುಡಿದನು. ಫುಲ್ ಫ್ರೇಮ್ ಕೊಳ್ಳಲು ತಾಯಿಯ ಒಡವೆಗಳನ್ನು ಅಡವಿಡುವ ಮಾತು ಆಗಲೇ ನಡೆದಿತ್ತು. ಆ ಒಡವೆಗಳು ತಂಗಿಯ ಕಾಲೇಜಿನ ಖರ್ಚಿಗೆಂದು ಎತ್ತಿಟ್ಟವು. ಇದು ತಿಳಿದ ಮೇಲೆ ನಮ್ಮ ಮಾತಿನ ಹೊಣೆ ನಮಗೆ ಅರಿವಾಯಿತು. ವಿಷಯವನ್ನು ಲೆಕ್ಕ ಹಾಕಿ ನೋಡಲು ಇಬ್ಬರೂ ಕುಳಿತೆವು.

ಮೊದಲು ಹೆಸರಿನ ಅರ್ಥವನ್ನು ನೋಡೋಣ. ಕ್ಯಾಮೆರಾದೊಳಗೆ ಬೆಳಕನ್ನು ಗ್ರಹಿಸುವ ಫಲಕಕ್ಕೆ ಸೆನ್ಸರ್ ಎನ್ನುತ್ತಾರೆ. ಅದು 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರವಿದ್ದರೆ ಫುಲ್ ಫ್ರೇಮ್. ಈ ಅಳತೆ ಹಳೆಯ ಫಿಲ್ಮಿನಿಂದ ಬಂದದ್ದು. ಜರ್ಮನಿಯ ಆಸ್ಕರ್ ಬಾರ್ನಾಕ್ ಎಂಬಾತ ಚಲನಚಿತ್ರದ ಫಿಲ್ಮಿನ ಎರಡು ಚೌಕಟ್ಟುಗಳನ್ನು ಕೂಡಿಸಿ ಈ ಅಳತೆಯನ್ನು ಬಳಕೆಗೆ ತಂದನು. ಅವನ ಲೈಕಾ ಕ್ಯಾಮೆರಾ 1925ರಲ್ಲಿ ಮಾರುಕಟ್ಟೆಗೆ ಬಂದಿತು. ದೊಡ್ಡ ಗಾಜಿನ ತಟ್ಟೆಗಳಲ್ಲಿ ಚಿತ್ರ ತೆಗೆಯುತ್ತಿದ್ದ ಅಂದಿನವರಿಗೆ ಅದು ಬಲು ಚಿಕ್ಕದೆನಿಸಿತ್ತು. ಅಂದು ಚಿಕ್ಕದೆನಿಸಿದ್ದನ್ನೇ ಇಂದು ನಾವು ‘ಪೂರ್ಣ’ವೆಂದು ಕರೆಯುತ್ತಿದ್ದೇವೆ. ಹೆಸರನ್ನು ಕೇಳಿ ಮನಸೋಲುವವರು ಇದನ್ನು ನೆನಪಿಡಬೇಕು.

ಇನ್ನು ಗುಣದ ಮಾತು. ಸಾಮಾನ್ಯ ಕ್ಯಾಮೆರಾಗಳ ಸೆನ್ಸರ್ ಸುಮಾರು 23.5 ಮಿ.ಮೀ. ಅಗಲ, 15.6 ಮಿ.ಮೀ. ಎತ್ತರ, ಕೆಲವು ಕಂಪನಿಗಳದು ಇನ್ನೂ ತುಸು ಕಿರಿದು. ಗುಣಿಸಿ ನೋಡಿದರೆ ಒಂದರ ವಿಸ್ತೀರ್ಣ 864 ಚದರ ಮಿ.ಮೀ., ಇನ್ನೊಂದರದು ಸುಮಾರು 367. ಎಂದರೆ ದೊಡ್ಡ ಸೆನ್ಸರು ಸುಮಾರು ಎರಡೂಕಾಲು ಪಟ್ಟು ಹೆಚ್ಚು ಬೆಳಕನ್ನು ಕೂಡಿಸಿಕೊಳ್ಳುತ್ತದೆ. ಮಬ್ಬಿನಲ್ಲಿ ಚುಕ್ಕೆಗಳು ಕಡಿಮೆಯಾಗುವುದು ಇದರಿಂದಲೇ. ಲಾಭವು ನಿಜ; ಸುಳ್ಳೆನ್ನಲಾಗದು.

ಆದರೆ ಬೆಳಕು ಸೆನ್ಸರನ್ನು ಸೇರುವ ಮೊದಲು ಲೆನ್ಸಿನ ಕಿಂಡಿಯನ್ನು ದಾಟಬೇಕಷ್ಟೆ. ಕ್ಯಾಮೆರಾದೊಂದಿಗೆ ಬರುವ ಸಾಧಾರಣ ಲೆನ್ಸನ್ನು 55 ಮಿ.ಮೀ.ಗೆ ಎಳೆದಾಗ ಅದರ ಕಿಂಡಿ 5.6ಕ್ಕಿಂತ ಹೆಚ್ಚು ತೆರೆಯದು. 50 ಮಿ.ಮೀ.ನ ಸರಳ ಲೆನ್ಸೊಂದು 1.8ರವರೆಗೆ ತೆರೆಯುತ್ತದೆ. ಈ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. 5.6ನ್ನು 1.8ರಿಂದ ಭಾಗಿಸಿ ವರ್ಗ ಮಾಡಿದರೆ ಒಂಬತ್ತೂವರೆಗೆ ಮೀರುತ್ತದೆ. ಎಂದರೆ ಸುಮಾರು ಹತ್ತು ಪಟ್ಟು ಬೆಳಕು! ಹೊಸ ಬಾಡಿಗೆ ಲಕ್ಷ ರೂಪಾಯಿಗೂ ಮೇಲ್ಪಟ್ಟು ತೆತ್ತರೆ ದೊರೆಯುವುದು ಎರಡೂಕಾಲು ಪಟ್ಟು. ಹತ್ತು ಹದಿನೈದು ಸಾವಿರದ ಲೆನ್ಸಿನಿಂದ ಹತ್ತಿರ ಹತ್ತಿರ ಹತ್ತು ಪಟ್ಟು. ಅದಲ್ಲದೆ, ಚಿಕ್ಕ ಸೆನ್ಸರಿಗೆಂದು ಮಾಡಿದ ಲೆನ್ಸುಗಳು ದೊಡ್ಡ ಸೆನ್ಸರನ್ನು ಪೂರ್ತಿ ಮುಚ್ಚಲಾರವು. ಆದುದರಿಂದ ಬಾಡಿಯ ಹಿಂದೆಯೇ ಹೊಸ ಲೆನ್ಸುಗಳ ಖರ್ಚೂ ಬರುತ್ತದೆ.

ಲೆಕ್ಕವಾದ ಮೇಲೆ ಪ್ರಯೋಗ ಮಾಡಿದೆವು. ಹುಡುಗನು ಸ್ನೇಹಿತನಿಂದ ಅಂತಹ ಲೆನ್ಸೊಂದನ್ನು ಎರವಲು ತಂದನು. ಮೊದಲು ಸೆಕೆಂಡಿನ ಹತ್ತನೆಯ ಒಂದು ಭಾಗ ತೆರೆದಿಡಬೇಕಾಗಿದ್ದ ಚಿತ್ರವು ಈಗ ನೂರನೆಯ ಒಂದು ಭಾಗದಲ್ಲಿಯೇ ಮುಗಿಯಿತು. ಕೈಗಳು ಸ್ಪಷ್ಟವಾದವು, ಲಾಳಿಯ ಓಟ ಮಾತ್ರ ಗೆರೆಯಾಗಿ ಉಳಿಯಿತು, ಅದು ಅಂದವಾಗಿಯೇ ಇತ್ತು. ಕಿಂಡಿ ಅಗಲವಾದಷ್ಟೂ ಸ್ಪಷ್ಟವಾಗಿ ಕಾಣುವ ಆಳ ಕಡಿಮೆಯಾಗುವುದರಿಂದ ಗುರಿ ಹಿಡಿಯುವಲ್ಲಿ ಹೆಚ್ಚು ಎಚ್ಚರ ಬೇಕಾಯಿತು.

ಸೀರೆಯ ಚಿತ್ರಕ್ಕೆ ಇಷ್ಟೂ ಬೇಕಾಗಲಿಲ್ಲ. ಸೀರೆ ಓಡಿಹೋಗುವುದಿಲ್ಲವಲ್ಲ! ಟ್ರೈಪಾಡಿನ ಮೇಲೆ ಕ್ಯಾಮೆರಾವನ್ನಿಟ್ಟು, ಕಿಟಕಿಯ ಬೆಳಕು ಓರೆಯಾಗಿ ಬೀಳುವಂತೆ ಬಟ್ಟೆಯನ್ನು ಹರಡಿದೆವು. ಸುಂಗುಡಿಯಲ್ಲಿ ನೂಲಿನಿಂದ ಗಂಟು ಕಟ್ಟಿ ಬಣ್ಣದಲ್ಲಿ ಅದ್ದಿದ ಒಂದೊಂದು ಬೊಟ್ಟಿನ ಸುತ್ತಲಿನ ಸುಕ್ಕೂ ಎದ್ದು ಕಂಡಿತು. ಅದೇ ಸೀರೆಗೆ ಎದುರಿನಿಂದ ಫ್ಲಾಷ್ ಹಾಯಿಸಿದರೆ ಬಟ್ಟೆ ಚಪ್ಪಟೆಯಾಗಿ, ಅಚ್ಚೊತ್ತಿದ ಬಟ್ಟೆಯಂತೆ ತೋರುತ್ತಿತ್ತು. ನೇಕಾರನ ಶ್ರಮವನ್ನು ತೋರಿಸಿದ್ದು ಬೆಳಕು ಬಂದ ದಿಕ್ಕು. ಮುದ್ರಣಕ್ಕೂ ಕೊರತೆಯಿಲ್ಲ, ಎ-4 ಹಾಳೆಯ ತುಂಬ ಉತ್ತಮವಾಗಿ ಅಚ್ಚಾಗಲು ಒಂಬತ್ತು ಮೆಗಾಪಿಕ್ಸೆಲ್ ಸಾಕು. ಅವನ ಕ್ಯಾಮೆರಾದಲ್ಲಿ ಇಪ್ಪತ್ನಾಲ್ಕು ಇದ್ದವು.

ಹಾಗಾದರೆ ದೊಡ್ಡ ಕ್ಯಾಮೆರಾ ಯಾರಿಗೂ ಬೇಡವೆ? ಹಾಗೆನ್ನಲಾಗದು. ಮಂದ ಬೆಳಕಿನ ಮಂಟಪದಲ್ಲಿ, ಟ್ರೈಪಾಡ್ ಊರಲು ಎಡೆಯಿಲ್ಲದೆಡೆ, ಒಳ್ಳೆಯ ಲೆನ್ಸನ್ನು ಪೂರ್ತಿ ತೆರೆದರೂ ಬೆಳಕು ಸಾಲದೆ ಬಂದರೆ ಅದು ನೆರವಾಗುತ್ತದೆ. ಅಂತಹ ಕೆಲಸವು ನಿತ್ಯವೂ ದೊರೆತು, ಅದರ ಸಂಪಾದನೆಯೇ ಬೆಲೆಯನ್ನು ತೀರಿಸುವಂತಾದಾಗ ಕೊಳ್ಳುವುದು ನ್ಯಾಯ. ಅದಕ್ಕೆ ಮೊದಲು ಒಂದು ದಿನದ ಬಾಡಿಗೆಗೆ ತಂದು ನೋಡಬಹುದು.

ವಿದ್ಯಾರ್ಥಿಗಳು ಮೂರು ಪ್ರಶ್ನೆಗಳನ್ನು ತಮಗೆ ತಾವೇ ಹಾಕಿಕೊಳ್ಳಲಿ. ನನ್ನ ಚಿತ್ರ ಕೆಟ್ಟದ್ದು ಯಾವ ಕಾರಣದಿಂದ? ಆ ಕಾರಣವನ್ನು ಕಡಿಮೆ ಖರ್ಚಿನಲ್ಲಿ ನೀಗಬಹುದೆ? ಈ ಹಣವು ಮನೆಯಲ್ಲಿ ಬೇರೆ ಯಾರ ಪಾಲಿನದು?

ಮೂರನೆಯ ಪ್ರಶ್ನೆಯನ್ನು ನಾವು ಚಿನ್ನಾಳಪಟ್ಟಿಯಲ್ಲಿ ಬಾಯಿಬಿಟ್ಟು ಕೇಳಲಿಲ್ಲ. ಕಿಟಕಿಯ ಬಳಿ ಸೀರೆಯ ಅಂಚನ್ನು ಹಿಡಿದು ನಿಂತಿದ್ದವಳು ಆ ತಂಗಿಯೇ. ಹುಡುಗನು ಚಿತ್ರವನ್ನು ನೋಡಿದನು, ಅವಳನ್ನೂ ನೋಡಿದನು. ಆ ಸಂಜೆ ಒಡವೆಯ ಮಾತು ಮತ್ತೆ ಏಳಲಿಲ್ಲ. ಅವಳು ಈಗ ಕಾಲೇಜಿನಲ್ಲಿ ಓದುತ್ತಿದ್ದಾಳೆ. ಅಣ್ಣನು ತನ್ನ ದುಡಿಮೆಯಿಂದಲೇ ಆ ಲೆನ್ಸನ್ನು ಕೊಂಡಿದ್ದಾನೆ. ನಾವೂ ನಮ್ಮ ಹಳೆಯ ಕ್ಯಾಮೆರಾವನ್ನೇ ಒರೆಸಿ ಇಟ್ಟುಕೊಂಡಿದ್ದೇವೆ.