ಕೌನ್ಸೆಲಿಂಗ್‌ಗೆ ಹೊರಟಿದ್ದೀರಾ? ಒಬ್ಬರೇ ಹೋಗುವವರಿಗೆ, ಜೋಡಿಯಾಗಿ ಹೋಗುವವರಿಗೆ

ಗಂಡ ಹೆಂಡತಿ ಆಪ್ತಸಮಾಲೋಚಕರ ಮುಂದೆ ಕೂತ ಕೂಡಲೇ ಸಾಮಾನ್ಯವಾಗಿ ಬರುವ ಮಾತು: ‘ಇವರಿಗೆ ಸ್ವಲ್ಪ ಬುದ್ಧಿ ಹೇಳಿ ಮೇಡಂ.’ ಒಬ್ಬರೇ ಬಂದವರದು ಇನ್ನೊಂದು ರಾಗ: ‘ನನಗೇನೂ ಆಗಿಲ್ಲ, ಮನೆಯವರ ಬಲವಂತಕ್ಕೆ ಬಂದೆ.’ ಅನುಭವಿ ಸಮಾಲೋಚಕರು ಎರಡನ್ನೂ ಕೇಳಿಸಿಕೊಂಡು, ನಿದ್ದೆ ಹೇಗಿದೆ, ಊಟ ಸೇರುತ್ತಿದೆಯೇ, ಮನೆಯಲ್ಲಿ ಯಾರ್ಯಾರಿದ್ದಾರೆ, ಸಾಲವೇನಾದರೂ ಇದೆಯೇ ಎಂದು ವಿಚಾರಿಸತೊಡಗುತ್ತಾರೆ. ‘ಮನಸ್ಸಿನ ವಿಷಯಕ್ಕೆ ಬಂದರೆ ಇವರು ಸಾಲದ ಲೆಕ್ಕ ಕೇಳ್ತಾರಲ್ಲ’ ಎಂದು ಅನ್ನಿಸಿದರೆ ಸಿಡುಕಬೇಡಿ. ನೀವು ಸರಿಯಾದ ಕಡೆಗೇ ಬಂದಿದ್ದೀರಿ ಎಂಬುದಕ್ಕೆ ಅದು ಗುರುತು.

ಅಮೆರಿಕದ ವೈದ್ಯ ಜಾರ್ಜ್ ಎಂಗೆಲ್ 1977ರಲ್ಲಿ ಕಾಯಿಲೆಯನ್ನು ದೇಹ, ಮನಸ್ಸು, ಸಮಾಜ ಮೂರೂ ಕಡೆಯಿಂದ ನೋಡಬೇಕೆಂದು ವಾದಿಸಿದರು. ನಿದ್ದೆ, ಊಟ, ಸಾಲ ಎಲ್ಲವನ್ನೂ ವಿಚಾರಿಸುವ ಸಮಗ್ರ ಸಮಾಲೋಚನೆ ನಿಂತಿರುವುದು ಈ ನೋಟದ ಮೇಲೆ. ‘ಸಮಗ್ರ’ ಎಂದು ಬೋರ್ಡು ಬರೆಸಿ ಹರಳು, ಪೂರ್ವಜನ್ಮ, ಶಕ್ತಿಚಕ್ರಗಳನ್ನು ಮಾರುವವರೂ ಇದ್ದಾರೆ. ಅವರ ವಿಷಯ ಬೇರೆ. ಈ ಲೇಖನ ಅವರ ಕುರಿತಲ್ಲ.

ಹೋಗುವ ಮುನ್ನ

ಒಂದು ವಾರ ಚಿಕ್ಕ ಪುಸ್ತಕವೊಂದರಲ್ಲಿ ಬರೆದಿಡಿ: ಎಷ್ಟು ಹೊತ್ತಿಗೆ ಮಲಗಿದಿರಿ, ಎದ್ದಿರಿ, ಊಟ ತಪ್ಪಿತೇ, ಕುಡಿತವಿದ್ದರೆ ಎಷ್ಟು, ಮನಸ್ಸು ಯಾವಾಗ ಕುಸಿಯಿತು, ಜಗಳ ಯಾವ ಹೊತ್ತಿನಲ್ಲಿ ಹತ್ತಿತು. ಓದಿ ನೋಡಿದರೆ ನಿಮಗೇ ಆಶ್ಚರ್ಯವಾಗಬಹುದು. ಜಗಳಗಳೆಲ್ಲ ತಿಂಗಳ ಕೊನೆಗೋ, ನೈಟ್ ಶಿಫ್ಟ್ ಮುಗಿಸಿ ಬಂದ ಬೆಳಿಗ್ಗೆಯೋ ಗುಂಪುಗೂಡಿರುತ್ತವೆ.

ಜೊತೆಗೆ ನಿಮ್ಮ ಮಾಮೂಲಿ ಡಾಕ್ಟರ ಬಳಿ ಒಮ್ಮೆ ತೋರಿಸಿಕೊಳ್ಳಿ. ಥೈರಾಯ್ಡ್ ಏರುಪೇರು, ರಕ್ತಹೀನತೆ, ಬಿ12 ಕೊರತೆ ಕೂಡ ಸುಸ್ತು, ಸಿಡುಕು, ಬೇಸರದ ವೇಷದಲ್ಲಿ ಬರುತ್ತವೆ. ಬಾಣಂತಿಯಾಗಿದ್ದರೆ, ಮುಟ್ಟು ನಿಲ್ಲುವ ವಯಸ್ಸಾಗಿದ್ದರೆ ಅದನ್ನೂ ಹೇಳಿ. ರಕ್ತಪರೀಕ್ಷೆಯಲ್ಲಿ ಸಿಗುವ ಕಾರಣವನ್ನು ಮಾತಿನಲ್ಲಿ ಹುಡುಕುತ್ತ ಕೂರುವುದು ಹಣಕ್ಕೂ ದಂಡ, ಸಮಯಕ್ಕೂ ದಂಡ.

ಯಾರ ಬಳಿ?

ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರ ಓದಿದವರು, ಔಷಧಿ ಬರೆದುಕೊಡುತ್ತಾರೆ. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಮಾತ್ರೆ ಬರೆಯುವುದಿಲ್ಲ. ಅವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿರಬೇಕು. ನೋಂದಣಿ ಸಂಖ್ಯೆ ಕೇಳುವುದರಲ್ಲಿ ಮುಜುಗರವೇನಿಲ್ಲ. ಮನೋವೈದ್ಯಕೀಯ ಸಮಾಜಕಾರ್ಯಕರ್ತರು ಕುಟುಂಬದ ವಿಷಯದಲ್ಲಿ ಪಳಗಿದವರು. ಬರೀ ‘ಕೌನ್ಸೆಲರ್’ ಎಂದಿದ್ದರೆ ಏನು ಓದಿದ್ದಾರೆ, ಯಾರ ಕೈಕೆಳಗೆ ತರಬೇತಿ ಪಡೆದಿದ್ದಾರೆ ಎಂದು ವಿಚಾರಿಸಿ. ವಾರಾಂತ್ಯದ ಕೋರ್ಸಿನ ಸರ್ಟಿಫಿಕೇಟನ್ನೂ ಗೋಡೆಗೆ ತೂಗುಹಾಕಬಹುದು.

ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯದವರು 14416ಕ್ಕೆ ಕರೆ ಮಾಡಿ. ಇದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮನಸ್ ಸಹಾಯವಾಣಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಅಲ್ಲದೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಜಿಲ್ಲಾಸ್ಪತ್ರೆಗಳಲ್ಲೂ ಮನೋವೈದ್ಯರ ಸೇವೆ ಇದೆ. ಸಾಯುವ ಯೋಚನೆ ಬರುತ್ತಿದ್ದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಈಗಲೇ ಕರೆ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಹೋಗಿ.

ಮೊದಲ ಭೇಟಿಯಲ್ಲಿ

ಒಬ್ಬರಿಗೆ ಸಾಮಾನ್ಯವಾಗಿ 45ರಿಂದ 60 ನಿಮಿಷ, ಜೋಡಿಗೆ ಇನ್ನಷ್ಟು ಹೆಚ್ಚು. ಫೀಸು ಎಷ್ಟು, ಬರಲಾಗದಿದ್ದರೆ ಎಷ್ಟು ಮೊದಲೇ ತಿಳಿಸಬೇಕು ಎಂಬುದನ್ನು ಆರಂಭದಲ್ಲೇ ಮಾತಾಡಿಕೊಳ್ಳಿ. ಚಿಕಿತ್ಸೆಯ ವಿವರಗಳ ಗೋಪ್ಯತೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ರೋಗಿಯ ಹಕ್ಕು. ಆದರೆ ಜೀವಕ್ಕೆ ಅಪಾಯವಿದ್ದಾಗ, ನ್ಯಾಯಾಲಯ ಆದೇಶಿಸಿದಾಗ ಗುಟ್ಟು ಗುಟ್ಟಾಗಿ ಉಳಿಯುವುದಿಲ್ಲ. ಈ ಮಿತಿಗಳನ್ನು ಸಮಾಲೋಚಕರು ತಾವಾಗಿಯೇ ಹೇಳಬೇಕು. ಹೇಳದಿದ್ದರೆ ಕೇಳಿ.

ಜೋಡಿಯಾಗಿ ಹೋದವರು ಇನ್ನೊಂದು ಪ್ರಶ್ನೆ ಮರೆಯಬಾರದು. ಸಮಾಲೋಚಕರು ಮೊದಲು ಇಬ್ಬರನ್ನೂ ಕೂರಿಸಿ, ಆಮೇಲೆ ಒಬ್ಬೊಬ್ಬರನ್ನೇ ಕರೆದು ಮಾತಾಡಿಸುವುದುಂಟು. ಆಗ ಒಬ್ಬರು ಹೇಳಿದ ಗುಟ್ಟನ್ನು ಇನ್ನೊಬ್ಬರಿಂದ ಮುಚ್ಚಿಡುತ್ತಾರೆಯೇ? ಒಬ್ಬೊಬ್ಬರು ಒಂದೊಂದು ಪದ್ಧತಿ ಇಟ್ಟುಕೊಂಡಿರುತ್ತಾರೆ. ಬಾಯಿಬಿಡುವ ಮುನ್ನ ತಿಳಿದಿದ್ದರೆ ಕ್ಷೇಮ.

ಇಬ್ಬರೂ ಕೂತಾಗ

ನಮ್ಮಲ್ಲಿ ಸಂಸಾರದ ಜಗಳ ಹಿರಿಯರ ಪಂಚಾಯಿತಿಗೆ ಹೋಗಿ ಅಭ್ಯಾಸ. ಅಲ್ಲಿ ತಪ್ಪು ಯಾರದೆಂದು ತೀರ್ಮಾನವಾಗುತ್ತದೆ, ಒಬ್ಬರು ತಲೆತಗ್ಗಿಸಿ ಎದ್ದು ಬರುತ್ತಾರೆ. ಸಮಾಲೋಚಕರಿಂದಲೂ ಅದನ್ನೇ ನಿರೀಕ್ಷಿಸಿದರೆ ನಿರಾಸೆ ಖಂಡಿತ. ಅವರ ಕಣ್ಣು ಗಂಡನ ಮೇಲೂ ಅಲ್ಲ, ಹೆಂಡತಿಯ ಮೇಲೂ ಅಲ್ಲ, ಇಬ್ಬರ ನಡುವೆ ಮಾತು ಹೇಗೆ ಕೆಡುತ್ತಿದೆ ಎಂಬುದರ ಮೇಲೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಜೋಡಿಗಳನ್ನು ವರ್ಷಗಟ್ಟಲೆ ಗಮನಿಸಿ, ದಾಂಪತ್ಯ ಕೆಡಿಸುವ ನಾಲ್ಕು ಅಭ್ಯಾಸಗಳನ್ನು ಗುರುತಿಸಿದರು: ವ್ಯಕ್ತಿಯನ್ನೇ ಹಳಿಯುವುದು, ತಿರಸ್ಕಾರ, ಪ್ರತಿಯೊಂದಕ್ಕೂ ಸಮರ್ಥನೆ, ಮತ್ತೆ ಬಾಯಿಗೆ ಬೀಗ. ತಿರಸ್ಕಾರವೇ ಎಲ್ಲಕ್ಕಿಂತ ಅಪಾಯ ಎನ್ನುತ್ತಾರೆ ಅವರು. ಮೂಗು ಮುರಿಯುವುದು, ‘ನಿಮ್ಮ ಮನೆತನವೇ ಇಷ್ಟು’ ಅನ್ನುವುದು ಇದೇ ಜಾತಿಗೆ ಸೇರಿದ್ದು.

ಮನೆಯಲ್ಲೇ ಮಾಡಬಹುದಾದ ಅಭ್ಯಾಸ ಒಂದಿದೆ. ದೂರನ್ನು ಒಂದು ದಿನದ ಒಂದು ಘಟನೆಗೆ ಇಳಿಸಿ, ನಿಮಗೇನಾಯಿತೆಂದು ಹೇಳಿ, ಏನು ಬೇಕೆಂದು ಕೇಳಿ. ‘ನಿಮಗೆ ಯಾವಾಗ್ಲೂ ನಿಮ್ಮಮ್ಮನೇ ಹೆಚ್ಚು’ ಎಂದರೆ ಎದುರಿನವರಿಗೆ ಉಳಿಯುವುದು ವಾದ ಮಾತ್ರ. ‘ನಿನ್ನೆ ಅತ್ತೆ ನನ್ನ ಕೆಲಸದ ಬಗ್ಗೆ ಅಂದಾಗ ನೀವು ಸುಮ್ಮನಿದ್ರಿ, ನನಗೆ ಯಾರೂ ಇಲ್ಲ ಅನ್ನಿಸ್ತು. ಮುಂದಿನ ಸಲ ಒಂದು ಮಾತಾದ್ರೂ ಆಡ್ರೀ’ ಎಂದರೆ ಮಾಡಲಿಕ್ಕೊಂದು ಕೆಲಸ ಸಿಗುತ್ತದೆ. ಗಂಡ ಉತ್ತರಿಸುವ ಮುನ್ನ ತಾನು ಕೇಳಿಸಿಕೊಂಡದ್ದನ್ನು ತನ್ನ ಮಾತಲ್ಲಿ ಹೇಳಬೇಕು; ಹೆಂಡತಿ ‘ಹೌದು, ಅದೇ’ ಅಂದ ಮೇಲೆ ಅವನ ಸರದಿ. ಎದೆ ಡವಗುಟ್ಟಿ ಕೈ ನಡುಗತೊಡಗಿದರೆ ನಿಲ್ಲಿಸಿ, ಕನಿಷ್ಠ 20 ನಿಮಿಷ ದೂರವಿರಿ. ಎಷ್ಟು ಹೊತ್ತಿಗೆ ಮತ್ತೆ ಕೂರುತ್ತೀರೆಂದು ಹೇಳಿಯೇ ಏಳಿ, ಇಲ್ಲವಾದರೆ ಅದೂ ಮುನಿಸಾಗುತ್ತದೆ.

ಹೊಡೆತ, ಬೆದರಿಕೆ ಇರುವ ಮನೆಗೆ ಈ ಅಭ್ಯಾಸ ಬೇಡ, ಜೊತೆಯಾಗಿ ಕೌನ್ಸೆಲಿಂಗೂ ಬೇಡ. ಅಲ್ಲಿ ನಿಜ ಹೇಳಿದವರಿಗೆ ಮನೆಗೆ ಹೋದ ಮೇಲೆ ಪೆಟ್ಟು ಬೀಳುತ್ತದೆ. ಸಮಾಲೋಚಕರೊಂದಿಗೆ ಒಬ್ಬರೇ ಮಾತಾಡಬೇಕೆಂದು ಕೇಳಿ. ಮಹಿಳಾ ಸಹಾಯವಾಣಿ 181 ಇದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ರಕ್ಷಣಾಧಿಕಾರಿಯ ನೆರವನ್ನೂ ಪಡೆಯಬಹುದು. ‘ಹೊಂದಿಕೊಂಡು ಹೋಗಿ’ ಎಂದು ಕಳಿಸುವ ಸಮಾಲೋಚಕರಿಂದ ದೂರವಿರಿ.

ಮುಂದೇನು?

ನಾಲ್ಕೈದು ಭೇಟಿಯಾದ ಮೇಲೆ ‘ಎಲ್ಲಿಗೆ ಬಂದೆವು?’ ಎಂದು ಕೇಳಿ. ಗುರಿ ಏನು, ಏನು ಬದಲಾಗಿದೆ ಎಂದು ಅವರು ಬಿಡಿಸಿ ಹೇಳಬೇಕು. ಹೊಂದಿಕೆಯಾಗದಿದ್ದರೆ ಬೇರೆಯವರಲ್ಲಿಗೆ ಕಳಿಸಿ ಎನ್ನಿ, ಒಳ್ಳೆಯವರು ಬೇಸರಿಸಿಕೊಳ್ಳುವುದಿಲ್ಲ. ಮನೋವೈದ್ಯರು ಕೊಟ್ಟ ಮಾತ್ರೆಯನ್ನಂತೂ ಅವರನ್ನು ಕೇಳದೆ ನಿಲ್ಲಿಸಬೇಡಿ.

ಸಂಗಾತಿ ಬರಲೊಪ್ಪದಿದ್ದರೆ ಎಳೆದುಕೊಂಡು ಹೋಗಬೇಡಿ, ಒಬ್ಬರೇ ಹೋಗಿ. ಮನೆಗೆ ಬಂದು ‘ಅವರೂ ನಿಮ್ಮದೇ ತಪ್ಪು ಅಂದರು’ ಎಂದು ಮಾತ್ರ ಅನ್ನಬೇಡಿ, ಆಮೇಲೆ ಸಂಗಾತಿ ಆ ಕಡೆ ತಲೆ ಹಾಕುವುದಿಲ್ಲ.