ರಾಗಿಯ ತೆನೆಯೊಳಗಣ ಲಿಪಿ

ಮಾಗಡಿ, ಕನಕಪುರ, ರಾಮನಗರ, ಚನ್ನಪಟ್ಟಣಗಳ ಕಡೆ ಮಳೆಗಾಲದಲ್ಲಿ ಪ್ರಯಾಣ ಮಾಡಿದವರಿಗೆ ಬಂಡೆಗಳ ನಡುವಣ ಹೊಲಗಳಲ್ಲಿ ರಾಗಿಯ ಹಸುರು ಕಾಣದೆ ಇರದು. ಈ ಸೀಮೆಯ ರಾಗಿ ಬೆಳೆಗಾರನಿಗೆ ಎರಡು ಭಯಗಳು: ಮಳೆ ಕೈಕೊಡುವುದೊಂದು, ಬೆಂಕಿರೋಗ ತಗಲುವುದೊಂದು. ಈ ಶಿಲೀಂಧ್ರರೋಗವು ತೆನೆಯ ಕುತ್ತಿಗೆಗೆ ಬಂದರೆ ಕಾಳೆಲ್ಲ ಜೊಳ್ಳು. ಇವನ್ನು ತಾಳಿಕೊಳ್ಳುವ ಶಕ್ತಿ ಕೆಲವು ತಳಿಗಳಿಗೆ ಉಂಟು, ಕೆಲವಕ್ಕೆ ಇಲ್ಲ. ಈ ಭೇದಕ್ಕೆ ಕಾರಣವೇನು?

ಕಾರಣವು ಬಹುಮಟ್ಟಿಗೆ ಜೀವಕೋಶದೊಳಗಿನ ಡಿ.ಎನ್.ಎ. ಎಂಬ ವಸ್ತುವಿನಲ್ಲಿ ಅಡಗಿದೆ. ಅದು ನಾಲ್ಕೇ ಅಕ್ಷರಗಳ ಒಂದು ಲಿಪಿಯಿದ್ದಂತೆ. ಸಸ್ಯವೊಂದರ ಈ ಸಮಗ್ರ ಬರಹಕ್ಕೆ ಜೀನೋಮ್ ಎಂದು ಹೆಸರು. ಅದರೊಳಗೆ ವಾಕ್ಯಗಳಂತಿರುವ ಭಾಗಗಳೇ ವಂಶವಾಹಿಗಳು. ಯಾವ ವಾಕ್ಯವು ಯಾವ ಗುಣಕ್ಕೆ ಕಾರಣವೆಂದು ತಿಳಿದರೆ, ತೆನೆ ಬಲಿಯುವ ತನಕ ಕಾಯದೆ ಎಳೆಯ ಪೈರಿನ ಎಲೆಯನ್ನೇ ಪರೀಕ್ಷಿಸಿ ಬೇಕಾದ ಗಿಡವನ್ನು ಆರಿಸಬಹುದು.

ಈ ಲಿಪಿಯನ್ನು ಓದುವುದು ಒಬ್ಬರಿಂದ ಆಗುವ ಕೆಲಸವಲ್ಲ. ಸಾರ್ವಜನಿಕ ಸಂಸ್ಥೆಗಳಲ್ಲಿ ತಳಿಸಂಗ್ರಹವೂ ಪ್ರಯೋಗಕ್ಷೇತ್ರಗಳೂ ಉಂಟು; ಖಾಸಗಿ ಕಂಪನಿಗಳಲ್ಲಿ ಬಂಡವಾಳವೂ ಯಂತ್ರಗಳೂ ಉಂಟು. ಇವು ಕೂಡಿದಾಗ ಏನಾಗುವುದೆಂಬುದಕ್ಕೆ ಭತ್ತವೇ ಉದಾಹರಣೆ. 2000ದಲ್ಲಿ ಮಾನ್ಸಾಂಟೊ ಕಂಪನಿಯು ತಾನು ಓದಿದ ಕರಡನ್ನು ಭಾರತವೂ ಸೇರಿದ್ದ ಅಂತರರಾಷ್ಟ್ರೀಯ ಯೋಜನೆಗೆ ಒಪ್ಪಿಸಿತು. 2002ರಲ್ಲಿ ಸಿಂಜೆಂಟಾ ಕಂಪನಿಯು ತನ್ನ ಓದನ್ನು ಪ್ರಕಟಿಸಿತಾದರೂ ಮೂಲ ಮಾಹಿತಿಗೆ ಷರತ್ತುಗಳ ಬೇಲಿ ಹಾಕಿತು, ವಿಜ್ಞಾನಿಗಳು ಆಕ್ಷೇಪಿಸಿದರು. ಬಳಿಕ ಅದೂ ತನ್ನ ಮಾಹಿತಿಯನ್ನು ಆ ಯೋಜನೆಗೆ ನೀಡಿತು. 2005ರಲ್ಲಿ ಸುಮಾರು 39 ಕೋಟಿ ಅಕ್ಷರಗಳ ಭತ್ತದ ಗ್ರಂಥವು ಸರ್ವರಿಗೂ ತೆರೆಯಿತು. ನಮ್ಮ ಬೆಂಗಳೂರಿನಲ್ಲಿಯೂ ಇಂಥ ಸಹಯೋಗದಿಂದ ಹುಟ್ಟಿದ ಗಣಿತ್ ಪ್ರಯೋಗಶಾಲೆಯು 2012ರಲ್ಲಿ ಬೇವಿನ ಜೀನೋಮನ್ನು ಓದಿತು.

ರಾಗಿಯ ಸರದಿ ಬಂದದ್ದು 2017ರಲ್ಲಿ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಎಂ.ಎಲ್.-365 ಎಂಬ ತಳಿಯ ಅಂದಾಜು 145 ಕೋಟಿ ಅಕ್ಷರಗಳ ಪೈಕಿ ಸುಮಾರು 120 ಕೋಟಿಯನ್ನು ಜೋಡಿಸಿ, 85 ಸಾವಿರಕ್ಕೂ ಮಿಕ್ಕ ವಂಶವಾಹಿಗಳನ್ನು ಗುರುತಿಸಿದರು. ಇಷ್ಟು ತಡವೇಕೆ? ರಾಗಿಯಲ್ಲಿ ಎರಡು ಪೂರ್ವಜ ಸಸ್ಯಗಳ ಜೀನೋಮುಗಳು ಸೇರಿವೆ. ಒಂದನ್ನೊಂದು ಹೋಲುವ ಎರಡು ಪುಸ್ತಕಗಳ ಹಾಳೆಗಳು ಬೆರೆತರೆ ವಿಂಗಡಿಸುವುದು ಕಷ್ಟವಲ್ಲವೆ? ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ರಾಗಿಯ ಹೂವು ಬಹುಪಾಲು ತನ್ನಲ್ಲಿಯೇ ಪರಾಗಸ್ಪರ್ಶ ಮಾಡಿಕೊಳ್ಳುವುದರಿಂದ ಬೀಜದ ಗುಣ ಕೆಡುವುದಿಲ್ಲ. ರೈತನು ತನ್ನ ಸುಗ್ಗಿಯಿಂದಲೇ ಬಿತ್ತನೆಗೆ ತೆಗೆದಿಡಬಲ್ಲನು. ಪ್ರತಿವರ್ಷವೂ ಬೀಜ ಮಾರಬಯಸುವ ಕಂಪನಿಗೆ ಇಂಥ ಬೆಳೆಯಲ್ಲಿ ಲಾಭ ಅಲ್ಪ. ಆದುದರಿಂದ ಇಲ್ಲಿ ಸಾರ್ವಜನಿಕ ಸಂಸ್ಥೆಯೇ ಮುಂದಾಗಬೇಕಾಗುತ್ತದೆ.

ಖಾಸಗಿಯವರ ನೆರವು ಬೇಡವೆಂದು ಇದರ ಅರ್ಥವಲ್ಲ. ಯಂತ್ರವೂ ಬೇಕು, ಹಣವೂ ಬೇಕು. ಆದರೆ ಓದಿದ ಲಿಪಿಯು ಎಲ್ಲರಿಗೂ ತೆರೆದಿರಬೇಕು. ಏಕೆಂದರೆ ಆ ಗ್ರಂಥದ ಮೂಲಪ್ರತಿಯನ್ನು ಸಾವಿರಾರು ವರ್ಷ ತಿದ್ದುತ್ತ ಕಾಪಾಡಿದವನು ರೈತ. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯು ಬೀಜವನ್ನು ಉಳಿಸಿಡುವ, ಬಿತ್ತುವ, ಹಂಚಿಕೊಳ್ಳುವ ಹಕ್ಕನ್ನು ಅವನಿಗೆ ಕೊಟ್ಟಿದೆ. ಬೀಜದಲ್ಲಿ ಮಾನ್ಯವಾದ ಈ ನ್ಯಾಯವು ಬೀಜದ ಜ್ಞಾನದಲ್ಲಿಯೂ ಸಲ್ಲಬೇಡವೆ? ನಾಳೆ ಪ್ರಯೋಗಶಾಲೆಗಳನ್ನು ಸೇರಲಿರುವ ವಿದ್ಯಾರ್ಥಿಗಳು ಇದನ್ನು ವಿಚಾರ ಮಾಡಬೇಕು.