ಮೊದಲು ಕೂಸು, ಆಮೇಲೆ ರಿಪೋರ್ಟು

ಶಹಾಪುರ, ಸುರಪುರದ ಹಳ್ಳಿಗಳಿಂದ ಬರುವ ಎಳೆಗೂಸುಗಳಲ್ಲಿ ನಂಜು (ಸೆಪ್ಸಿಸ್) ಪತ್ತೆ ಮಾಡುತ್ತ ಕಲಿತದ್ದಿಷ್ಟು.

1. "ಕೂಸು ಮೊಲಿ ಹಿಡೀವಲ್ದ್ರಿ" ಎಂದು ಅಜ್ಜಿ ಹೇಳಿದರೆ ಅದೇ ಮೊದಲ ಪರೀಕ್ಷೆ. ಮೈ ತಣ್ಣಗಾಗಿ, ಅಳು ಕುಂದಿ, ಉಸಿರು ನಿಮಿಷಕ್ಕೆ 60 ದಾಟಿದ್ದರೆ ರಿಪೋರ್ಟಿಗೆ ಕಾಯದೆ ಚಿಕಿತ್ಸೆ ಶುರು ಮಾಡಬೇಕು. ಜ್ವರವನ್ನೇ ನಂಬಿ ಕೂರಬೇಡಿ. ನಮ್ಮ ಬೇಸಿಗೆಯಲ್ಲಿ, ತಗಡಿನ ಮನೆಯಲ್ಲಿ ದುಪ್ಪಟಿ ಸುತ್ತಿಟ್ಟ ಗಟ್ಟಿಮುಟ್ಟಾದ ಕೂಸಿನ ಮೈಯೂ ಸುಡುತ್ತದೆ.

2. ಆ್ಯಂಟಿಬಯಾಟಿಕ್ ಕೊಡುವ ಮುಂಚೆಯೇ ಕಲ್ಚರ್‌ಗೆ ರಕ್ತ ತೆಗೆಯಿರಿ, ಕನಿಷ್ಠ 1 ಮಿ.ಲೀ. ಚರ್ಮಕ್ಕೆ ಹಚ್ಚಿದ ಔಷಧಿ ಪೂರ್ತಿ ಆರಲಿ. ಹಳೆ ಸೂಜಿಯಿಂದ ತೆಗೆಯಬೇಡಿ. ಬಾಟಲಿಯನ್ನು ಫ್ರಿಜ್ಜಿನಲ್ಲಿ ಇಡಲೇಬೇಡಿ. "ಇಷ್ಟು ರಗತ ತಗೊಂಡ್ರ ಕೂಸಿಗಿ ಏನ್ ಉಳೀತದ್ರಿ?" ಎಂದು ಮನೆಯವರು ಕೇಳಿಯೇ ಕೇಳುತ್ತಾರೆ. ಎರಡೂವರೆ ಕಿಲೋ ಕೂಸಿನ ಮೈಯಲ್ಲಿ ಸುಮಾರು 200 ಮಿ.ಲೀ. ರಕ್ತವಿರುತ್ತದೆ ಎಂದರೆ ಸುಮ್ಮನಾಗುತ್ತಾರೆ. ಕಲ್ಚರ್ ಯಾಕೆ ಬೇಕೇ ಬೇಕು? ಎಳೆಗೂಸುಗಳ ನಂಜಿನ ಬಗ್ಗೆ ದೆಹಲಿಯ ಮೂರು ಆಸ್ಪತ್ರೆಗಳ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಅದರಲ್ಲಿ ಹೆಚ್ಚಾಗಿ ಸಿಕ್ಕ ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ ರೋಗಾಣುಗಳಲ್ಲಿ ಬಹಳಷ್ಟು ಹಲವು ಔಷಧಿಗಳಿಗೆ ಬಗ್ಗದವು. ಯಾವ ಔಷಧಿಗೆ ಬಗ್ಗುತ್ತವೆ ಎಂದು ತಿಳಿಸುವುದು ಕಲ್ಚರ್ ಮಾತ್ರ.

3. ಸಿಆರ್‌ಪಿ ಎಂಬ ರಕ್ತಪರೀಕ್ಷೆ ನಿಧಾನದ ಗಿರಾಕಿ. ಸೋಂಕು ಶುರುವಾಗಿ 10-12 ತಾಸಾದ ಮೇಲೆ ಅದು ಏರುವುದು. ಬಂದ ಕೂಡಲೇ ಮಾಡಿಸಿದ್ದು ನಾರ್ಮಲ್ ಬಂತೆಂದು ಮನೆಗೆ ಕಳಿಸುವುದು ಅಪಾಯ. 24 ತಾಸಿನ ಮೇಲೆ ಮತ್ತೊಮ್ಮೆ ನೋಡಿ. ಕಷ್ಟದ ಹೆರಿಗೆಯಾದರೂ ಸಿಆರ್‌ಪಿ ಏರುತ್ತದೆ. ಹಾಗಾದರೆ ಏನು ಉಪಯೋಗ? ನಿಲ್ಲಿಸುವುದಕ್ಕೆ. ಎರಡು ಸಲವೂ ಕಡಿಮೆ ಬಂದು, 48 ತಾಸಾದರೂ ಕಲ್ಚರ್‌ನಲ್ಲಿ ಏನೂ ಬೆಳೆಯದೆ, ಕೂಸು ಚೆನ್ನಾಗಿ ಹಾಲು ಕುಡಿಯುತ್ತಿದ್ದರೆ ಇಂಜೆಕ್ಷನ್ ನಿಲ್ಲಿಸಬಹುದು. ಶುರು ಮಾಡುವ ಧೈರ್ಯ ಎಲ್ಲರಿಗೂ ಇದೆ, ನಿಲ್ಲಿಸುವ ಧೈರ್ಯ ಕಡಿಮೆ.

4. ಬಿಳಿರಕ್ತಕಣ ಮೊದಲ ದಿನ 25,000 ಇದ್ದರೂ ಗಾಬರಿ ಬೇಡ. 5,000ಕ್ಕಿಂತ ಇಳಿದರೆ ಎಚ್ಚರ. ಲ್ಯಾಬಿನ ಚೀಟಿಯಲ್ಲಿ ಅಚ್ಚಾಗಿರುವ ನಾರ್ಮಲ್ ಎಷ್ಟೋ ಸಲ ದೊಡ್ಡವರದು.

5. ಪ್ರೊಕ್ಯಾಲ್ಸಿಟೋನಿನ್ ಸೋಂಕಿನ ಇನ್ನೊಂದು ಗುರುತು, ಆದರೆ ಕೂಸು ಹುಟ್ಟಿದ ಮೊದಲೆರಡು ದಿನ ತಾನಾಗಿಯೇ ಏರುತ್ತದೆ. ದುಬಾರಿ ಪರೀಕ್ಷೆ ಎಂದು ಹೆಚ್ಚು ನಂಬಬೇಕಿಲ್ಲ.

6. ಯಾದಗಿರಿಗೋ ಕಲಬುರಗಿಗೋ ದೊಡ್ಡ ಆಸ್ಪತ್ರೆಗೆ ಕಳಿಸುವಾಗ ರಕ್ತ ತೆಗೆದ ಹೊತ್ತು, ಮೊದಲ ಇಂಜೆಕ್ಷನ್ ಕೊಟ್ಟ ಹೊತ್ತು ಚೀಟಿಯಲ್ಲಿ ಬರೆಯಿರಿ. ಅಪ್ಪನ ಫೋನ್ ನಂಬರು ಒಂದೇ ಸಾಲದು. ಕಲ್ಚರ್ ರಿಪೋರ್ಟು ಬರುವಷ್ಟರಲ್ಲಿ ಅಪ್ಪ ದುಡಿಯಲು ಬೆಂಗಳೂರಿಗೆ ವಾಪಸ್ ಹೋಗಿರುತ್ತಾನೆ. ಬಾಣಂತಿ ಇರುವುದು ತವರಿನಲ್ಲಿ, ಸೋದರಮಾವನ ನಂಬರೂ ಬರೆದುಕೊಳ್ಳಿ.